ಏಣಿಯವಳೂ ಕೊಡೆಯವನೂ

ಜಯದೇವಿಯವರನ್ನು ವಿಭಾಳ ಚಳವಳಿಗೆ ಎಳೆದು ತಂದದ್ದು ಅವರ ಮಂಡಿನೋವು.

ಜೆ.ಪಿ. ನಗರದಲ್ಲಿ ವಿಭಾ ಒಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದಳು. ಜಯದೇವಿ ಕತ್ರಿಗುಪ್ಪೆಯಿಂದ ವಾರಕ್ಕೆರಡು ಸಲ ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಮಂಡಿಗೆ ಶಾಖ ಕೊಡಿಸಿಕೊಂಡು ಬರುತ್ತಿದ್ದರು. ಕಾಲನ್ನು ಎತ್ತಿ ಹಿಡಿದುಕೊಂಡಿರುವಾಗ ಯಾರೂ ಎದ್ದು ಓಡಿಹೋಗುವಂತಿಲ್ಲವಲ್ಲ, ವಿಭಾ ಆ ಹೊತ್ತು ನೋಡಿಯೇ ಮಾತು ತೆಗೆಯುತ್ತಿದ್ದಳು.

"ಆಂಟಿ, ಪಾಲಿಕೆ ಎಲೆಕ್ಷನ್ ನಡೆದು ಎಷ್ಟು ವರ್ಷ ಆಯ್ತು ಹೇಳಿ? ನಾಳೆ ನಡೆದ್ರೂ ನಿಮ್ಮ ವಾರ್ಡಲ್ಲಿ ನಿಂತೋರು ಎಂಥೋರು ಅಂತ ನಿಮಗೆ ಗೊತ್ತಾಗೋದು ಹೆಂಗೆ? ಗೇಟ್ ಹತ್ರ ಬಂದು ಕೈ ಮುಗೀತಾರೆ, ಹೋಗ್ತಾರೆ."

"ಕುಕ್ಕರ್ ಕೊಡೋಕೆ ಬಂದಾಗ ಮುಖ ನೋಡಬಹುದಲ್ಲ," ಎಂದರು ಜಯದೇವಿ.

ವಿಭಾ ನಕ್ಕಳು, ಆದರೆ ಬಿಡಲಿಲ್ಲ. ಅವಳ ಬೇಡಿಕೆ ಒಂದೇ. ಪ್ರತಿ ವಾರ್ಡಿನಲ್ಲೂ ಮತದಾನಕ್ಕೆ ಮುಂಚೆ ಎಲ್ಲ ಅಭ್ಯರ್ಥಿಗಳೂ ಒಂದೇ ಕಟ್ಟೆಯ ಮೇಲೆ ಜನರೆದುರು ಕೂತು, ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕು. ಅದು ಚುನಾವಣೆಯ ನಿಯಮವೇ ಆಗಬೇಕು. ಚಳವಳಿಗೆ 'ಎದುರೆದುರು' ಎಂದು ಹೆಸರಿಟ್ಟಿದ್ದಳು. ಹೆಸರೇನೋ ಇತ್ತು, ಜನರಿರಲಿಲ್ಲ. ಅವಳು, ಅವಳ ಗಂಡ ಮಯೂರ್, ಯಾರೋ ಒಬ್ಬರು ರಿಟೈರ್ಡ್ ಅಂಕಲ್, ಇಷ್ಟೇ. ಕ್ಲಿನಿಕ್ಕಿನ ಬಾಡಿಗೆ ಕಟ್ಟಿ ಮಿಕ್ಕಿದ್ದು ಏನಾದರೂ ಇದ್ದರೆ ಅದೇ ಬಂಡವಾಳ.

"ಭಾನುವಾರ ಒಂದಿನ ಪಾಂಪ್ಲೆಟ್ ಹಂಚೋಕೆ ಬನ್ನಿ ಆಂಟಿ. ಸ್ವಲ್ಪ ಓಡಾಡಿದ್ರೆ ಮಂಡಿಗೂ ಒಳ್ಳೇದು."

ಡಾಕ್ಟರಮ್ಮನ ಮಾತು ಮೀರುವುದು ಹೇಗೆ ಎಂದುಕೊಂಡು ಜಯದೇವಿ ಒಪ್ಪಿದರು.

ಆ ಭಾನುವಾರ ಬನಶಂಕರಿ ಬಸ್ ನಿಲ್ದಾಣದ ಹೊರಗೆ ನಿಂತು ಕರಪತ್ರ ಹಂಚಿದರು. ಕೆಲವರು ಕೈಯನ್ನೇ ಚಾಚಲಿಲ್ಲ. ಕೈ ಚಾಚಿದವರು ಮಡಿಸಿ ಗಾಳಿ ಬೀಸಿಕೊಂಡರು. ಒಬ್ಬ ಹುಡುಗಿ ಅದರಿಂದ ಕಲ್ಲುಬೆಂಚಿನ ಧೂಳು ಒರೆಸಿ, ಅದನ್ನೇ ಹಾಸಿಕೊಂಡು ಕೂತಳು. ನಿಂತು ಓದಿದವರೂ ಒಂದೇ ಪ್ರಶ್ನೆ ಕೇಳಿದರು.

"ಯಾವ ಪಾರ್ಟಿ ಆಂಟಿ?"

"ಯಾವ ಪಾರ್ಟೀನೂ ಅಲ್ಲಪ್ಪ."

"ಹಂಗಂದ್ರೆ ಹೆಂಗೆ? ಯಾರಾದ್ರೂ ಹಿಂದೆ ಇರ್ಲೇಬೇಕಲ್ಲ," ಎಂದು ಅನುಮಾನದಿಂದ ನೋಡಿ ಬಸ್ಸಿನತ್ತ ಓಡಿದರು.

ಬಿಸಿಲೇರುವ ಹೊತ್ತಿಗೆ ಆ ರಿಟೈರ್ಡ್ ಅಂಕಲ್ ಹೆಗಲಿಗೆ ಚೀಲ ಹಾಕಿಕೊಂಡು ಬಂದರು. ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ತಲೆತುಂಬ ಬಿಳಿ ಕೂದಲು. ಬಂದವರೇ ಹಾದುಹೋಗುತ್ತಿದ್ದವರ ಮುಂದೆ ಕರಪತ್ರ ಹಿಡಿದು, "ಸ್ವಾಮೀ, ಒಂದೇ ಒಂದು ನಿಮಿಷ, ತಮ್ಮ ಅಮೂಲ್ಯವಾದ ಒಂದು ನಿಮಿಷಾ..." ಎಂದು ಕೊನೆಯ ಅಕ್ಷರವನ್ನು ಎಳೆದರು.

ಜಯದೇವಿಯ ಕೈಯಲ್ಲಿದ್ದ ಕರಪತ್ರ ಅಲ್ಲೇ ನಿಂತಿತು. ಆ ಎಳೆತ ಅವರಿಗೆ ಗೊತ್ತಿತ್ತು. ಹತ್ತಿರ ಹೋಗಿ ಮುಖವನ್ನೇ ನೋಡಿದರು.

"ತಪ್ಪು ತಿಳ್ಕೋಬೇಡಿ. ನೀವು ಕೊಡೆ ಅಲ್ವಾ?"

ಅವರು ಕನ್ನಡಕ ಮೇಲೇರಿಸಿ ಸ್ವಲ್ಪ ಹೊತ್ತು ದಿಟ್ಟಿಸಿದರು. ಆಮೇಲೆ ಬಾಯಿ ತೆರೆದು ನಿಂತುಬಿಟ್ಟರು. "ಅಯ್ಯೋ ರಾಮ! ಏಣಿ!"

ವಿಭಾಳಿಗೆ ಇಬ್ಬರಿಗೂ ಬಿಸಿಲು ತಲೆಗೇರಿದೆ ಅನ್ನಿಸಿತು. ಅವರಿಬ್ಬರನ್ನೂ ನೆರಳಿಗೆ ಕರೆದೊಯ್ದು, ಅಲ್ಲೇ ಇದ್ದ ದರ್ಶಿನಿಯಲ್ಲಿ ಕಾಫಿ ಕೊಡಿಸಿದಳು. ಲೋಟ ಹಿಡಿದು ನಿಂತಲ್ಲೇ ಕಥೆ ಹೊರಬಂತು.

ಎಂಬತ್ತರ ದಶಕದ ಮೊದಲ ವರ್ಷಗಳು. ಜಯದೇವಿಗೆ ಆಗಿನ್ನೂ ಇಪ್ಪತ್ತರ ವಯಸ್ಸು. ಬನಶಂಕರಿ ಎರಡನೇ ಹಂತದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸೈಟಿನ ತುಂಬ ಪಾರ್ಥೇನಿಯಂ, ಮಧ್ಯೆ ಮಧ್ಯೆ ತುಂಬೆ ಹೂವು. ಅವಳ ತಂದೆ ಏಕಾಂತಯ್ಯನವರು ದಿನಸಿ ಅಂಗಡಿ ಇಟ್ಟಿದ್ದರು. ಅವರ ಸ್ನೇಹಿತರಾದ ಮೇಷ್ಟರೊಬ್ಬರು ಪಾಲಿಕೆ ಚುನಾವಣೆಗೆ ಪಕ್ಷೇತರರಾಗಿ ನಿಂತರು. ಗುರುತು ಏಣಿ. ಮೇಷ್ಟರ ಹತ್ತಿರ ದುಡ್ಡೂ ಇಲ್ಲ, ಜನವೂ ಇಲ್ಲ. "ನಮ್ಮ ಜಯ ಕಾಲೇಜಲ್ಲಿ ಚರ್ಚಾಸ್ಪರ್ಧೆ ಗೆದ್ದಿದಾಳೆ, ಅವಳೇ ಮೈಕಲ್ಲಿ ಮಾತಾಡ್ಲಿ ಬಿಡಿ," ಎಂದರು ಏಕಾಂತಯ್ಯ. ತಾಯಿ ಗೊಣಗಿದರು. ತಂದೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾರನೆಯ ದಿನದಿಂದ ಹಳೆಯ ಅಂಬಾಸಿಡರಿನ ಮುಂದಿನ ಸೀಟಿನಲ್ಲಿ ಕೂತು ಜಯ ಬೀದಿಬೀದಿ ತಿರುಗಿದಳು. ಮಣ್ಣು ರಸ್ತೆಯ ಕೆಂಧೂಳಿನಲ್ಲಿ ಮಕ್ಕಳು ಬ್ಯಾಡ್ಜಿಗಾಗಿ ಕಾರಿನ ಹಿಂದೆ ಓಡುತ್ತಿದ್ದರು. ಎದುರು ಪಾಳಯದ ಗುರುತು ಕೊಡೆ. ಅವರ ಜೀಪಿನಲ್ಲಿ ಮಾತಾಡುತ್ತಿದ್ದವನು ಆಗಷ್ಟೇ ಡಿಗ್ರಿ ಮುಗಿಸಿದ್ದ ರಾಮಪ್ರಸಾದ.

"ಬಿಸಿಲಿಗೂ ಕೊಡೆ, ಮಳೆಗೂ ಕೊಡೆ, ನಿಮ್ಮ ವೋಟು ಕೊಡೆಗೇ ಕೊಡೀ!" ಎಂದು ಅವನು ಒಂದು ಬೀದಿಯಿಂದ ಕೂಗಿದರೆ, ಜಯ ಪಕ್ಕದ ಬೀದಿಯಿಂದ, "ಹರಿದ ಕೊಡೆ ಬಿಡಿ, ಏಣಿ ಹತ್ತಿ ನೋಡಿ!" ಎನ್ನುತ್ತಿದ್ದಳು. "ಹತ್ತಿದೋರು ಕೆಳಗಿಳಿಯಲ್ಲ, ಹುಷಾರು!" ಎಂದು ಅತ್ತ ಕಡೆಯಿಂದ ಜವಾಬು. ಹೆಂಗಸರು ಒಗ್ಗರಣೆ ಬಿಟ್ಟು ಕಾಂಪೌಂಡಿಗೆ ಬಂದು ನಿಂತು ಕೇಳುತ್ತಿದ್ದರು. ಸಂಜೆಯಾದರೆ ಅಂಗಡಿಯ ಮುಂದೆ ಅದೇ ಮಾತು. ಇವತ್ತು ಏಣಿ ಏನಂತು, ಕೊಡೆ ಏನಂತು ಎಂದು.

ಪ್ರಚಾರ ಮುಗಿಯುವುದಕ್ಕೆ ಇನ್ನೇನು ಒಂದೆರಡು ದಿನ ಇರುವಾಗ ಬೀದಿ ನಲ್ಲಿಯ ಹತ್ತಿರ ಜಯಳ ಮೈಕು ಕೆಟ್ಟಿತು. ನೀರು ಬಿಟ್ಟ ಹೊತ್ತು, ಹೆಂಗಸರೆಲ್ಲ ಬಿಂದಿಗೆ ಹಿಡಿದು ಸೇರಿದ್ದರು. ಅಷ್ಟು ಜನ ಒಂದೇ ಕಡೆ ಮತ್ತೆ ಸಿಗುವುದಿಲ್ಲ. ಅವಳು ಬರಿಗಂಟಲಲ್ಲಿ ಕೂಗಿ ಕೂಗಿ ಸುಸ್ತಾದಳು. ಅಷ್ಟರಲ್ಲಿ ಕೊಡೆಯ ಜೀಪು ಬಂತು. ಇನ್ನು ಇವನು ಗೇಲಿ ಮಾಡುತ್ತಾನೆ ಎಂದುಕೊಂಡು ಅವಳು ಮುಖ ತಿರುಗಿಸಿದಳು. ರಾಮಪ್ರಸಾದ ಇಳಿದು ಬಂದು ತನ್ನ ಮೈಕನ್ನೇ ಮುಂದೆ ಹಿಡಿದ.

"ತಗೊಳ್ಳಿ. ನಿಮ್ಮ ಮಾತು ಮುಗ್ಸಿ. ಎದುರಿಗೆ ಯಾರೂ ಇಲ್ದೆ ನಾನೊಬ್ನೇ ಕೂಗಿದ್ರೆ ಏನು ಚೆನ್ನ?"

ಡ್ರೈವರು ಬೈದ. ಜಯ ಸುತ್ತಲೂ ಕೊಡೆಯ ಚಿತ್ರ ಅಂಟಿಸಿದ್ದ ಜೀಪಿನಲ್ಲಿ ಕೂತು ಏಣಿಗೆ ವೋಟು ಕೇಳಿದಳು. ಬಿಂದಿಗೆ ತುಂಬಿ ಹರಿದರೂ ಗೊತ್ತಾಗದಷ್ಟು ಹೆಂಗಸರು ನಕ್ಕರು. ಅವಳು ಮುಗಿಸಿದ ಮೇಲೆ ಅದೇ ಮೈಕಿನಲ್ಲಿ ಅವನು ಅವಳ ಮಾತಿಗೆಲ್ಲ ಉತ್ತರ ಕೊಟ್ಟ. ಅಂಥ ಪ್ರಚಾರವನ್ನು ಆ ಬೀದಿ ಮತ್ತೆ ನೋಡಲಿಲ್ಲ.

ಕೊನೆಗೆ ಗೆದ್ದದ್ದು ಏಣಿಯೂ ಅಲ್ಲ, ಕೊಡೆಯೂ ಅಲ್ಲ.

"ನೀವು ಮೈಕ್ ಕೊಟ್ಟ ಮಾರನೇ ದಿನದಿಂದ ನಿಮ್ಮ ಧ್ವನೀನೇ ಕೇಳ್ಲಿಲ್ಲ," ಎಂದರು ಜಯದೇವಿ, ತಣ್ಣಗಾದ ಕಾಫಿಯನ್ನು ನೋಡುತ್ತಾ. "ಜೀಪಲ್ಲಿ ಬೇರೆ ಯಾರೋ ಕೂಗ್ತಿದ್ರು. ನಾನು ಮದುವೆಯಾಗಿ ದಾವಣಗೆರೆಗೆ ಹೋದೆ. ವಾಪಸ್ ಬಂದ ಮೇಲೂ ಎಲೆಕ್ಷನ್ ಬಂದಾಗೆಲ್ಲ ಕಿವಿ ಕೊಟ್ಟು ಕೇಳ್ತಿದ್ದೆ."

"ಸುದ್ದಿ ಗೊತ್ತಾಗಿ ನನ್ನನ್ನ ಜೀಪಿಂದ ಇಳಿಸಿಬಿಟ್ರು. ಪೋಸ್ಟರ್ ಅಂಟಿಸೋ ಕೆಲ್ಸ ಕೊಟ್ರು," ಎಂದು ರಾಮಪ್ರಸಾದರು ನಕ್ಕರು. "ಜಯನಗರದ ಹತ್ರ ಒಂದು ಮನೆ ಕಾಂಪೌಂಡಿಗೆ ಅಂಟಿಸ್ತಾ ಇದ್ದೆ. ಮೇಲಿಂದ ಒಂದು ಬಕೆಟ್ ನೀರು ಬಿತ್ತು. ತಲೆ ಎತ್ತಿ ನೋಡಿದ್ರೆ ಸೀತಾಲಕ್ಷ್ಮಿ. 'ಈಗಷ್ಟೇ ಸುಣ್ಣ ಹೊಡೆಸಿದೀವಿ, ಕಣ್ಣು ಕಾಣಲ್ವಾ' ಅಂದ್ಲು. ಅವಳನ್ನೇ ಮದುವೆಯಾದೆ."

"ಈಗ ಅವ್ರು..."

"ಹೋಗಿ ಎರಡು ವರ್ಷ ಆಯ್ತು. ಕೊನೇವರೆಗೂ ಹೇಳ್ತಿದ್ಲು, ಆ ಏಣಿ ಹುಡುಗಿಗೆ ಒಂದ್ಸಲ ಥ್ಯಾಂಕ್ಸ್ ಹೇಳ್ಬೇಕು ಕಣ್ರೀ ಅಂತ."

ಜಯದೇವಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ತಾವು ಯಾರದೋ ಮನೆಯಲ್ಲಿ ಇಷ್ಟು ವರ್ಷ ಮಾತಿನಲ್ಲಿ ಉಳಿದಿದ್ದುದು ಅವರಿಗೆ ಗೊತ್ತೇ ಇರಲಿಲ್ಲ.

ವಿಭಾ ಮಾತ್ರ ಲೋಟ ಕೆಳಗಿಟ್ಟು, "ಅಂಕಲ್, ಆಂಟಿ, ಪಾಂಪ್ಲೆಟ್ ಸಾಕು. ನೀವಿಬ್ರೂ ಅವತ್ತು ನಲ್ಲಿ ಹತ್ರ ಮಾಡಿದ್ದನ್ನೇ ಈಗ ಮಾಡಿ," ಎಂದಳು.

ಮುಂದಿನ ಭಾನುವಾರ ಬೆಳಿಗ್ಗೆ ಕತ್ರಿಗುಪ್ಪೆಯ ಒಂದು ಅರಳಿಕಟ್ಟೆಯ ಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಮೈಕಿಗೆ ಅನುಮತಿ, ಬಾಡಿಗೆ ಎಂದೆಲ್ಲ ತಾಪತ್ರಯ ಬೇಡವೆಂದು ಬರಿಗಂಟಲನ್ನೇ ನಂಬಿದರು. ಮಯೂರ್ ರಟ್ಟಿನ ಮೇಲೆ ಏಣಿ, ಕೊಡೆಯ ಚಿತ್ರ ಬರೆದು ತಂದ. ಜಯದೇವಿಯೂ ರಾಮಪ್ರಸಾದರೂ ಅಭ್ಯರ್ಥಿಗಳ ಹಾಗೆ ನಟಿಸುವುದು, ಜನ ಪ್ರಶ್ನೆ ಕೇಳುವುದು ಎಂದು ಒಪ್ಪಂದ.

"ಬಿಸಿಲಿಗೂ ಕೊಡೆ, ಮಳೆಗೂ ಕೊಡೆ..." ಎಂದು ರಾಮಪ್ರಸಾದರು ಶುರು ಮಾಡಿದ್ದೇ ತಡ, ಜಯದೇವಿಯ ಎದೆಯೊಳಗೆ ಕೆಂಧೂಳೆದ್ದಂತಾಯಿತು. ಗಂಟಲು ಮೊದಲಿನ ಹಾಗಿರಲಿಲ್ಲ. ಮಾತು ಮಾತ್ರ ತಾನಾಗಿ ಬಂತು. ತರಕಾರಿಗೆ ಬಂದವರು ನಿಂತರು. ವಾಕಿಂಗ್ ಮುಗಿಸಿ ಹೊರಟವರು ನಿಂತರು. ಫೋನು ಹಿಡಿದ ಹುಡುಗರು, "ಸಖತ್ ಆಗೈತೆ ಗುರು, ಅಂಕಲ್ ಆಂಟಿ ಫೈಟು," ಎಂದು ರೆಕಾರ್ಡ್ ಮಾಡಿಕೊಂಡರು.

ನಗು ನಿಂತದ್ದು ಅಕ್ಕಯಮ್ಮ ಎಂಬವರು ಎದ್ದು ನಿಂತಾಗ. ಎದುರು ಬೀದಿಯ ಅಜ್ಜಿ, ಕೈಯಲ್ಲಿ ವಾಕರ್.

"ಇಬ್ರಿಗೂ ಕೇಳ್ತೀನಿ. ನಾನು ಮನೆಯಿಂದ ಈ ಕಟ್ಟೆಗೆ ಬರೋಕೆ ರಸ್ತೆ ಮಧ್ಯ ನಡೀಬೇಕು. ಫುಟ್‌ಪಾತ್ ಮೇಲೆಲ್ಲ ಗಾಡಿ ನಿಲ್ಸಿರ್ತಾರೆ. ನಿಮಗೆ ವೋಟ್ ಹಾಕಿದ್ರೆ ಗಾಡಿ ತೆಗೆಸ್ತೀರಾ? ಗಾಡಿ ಇರೋರೂ ನಿಮ್ಮ ವೋಟರ್‌ಗಳೇ, ನೆನಪಿರ್ಲಿ."

ನಾಟಕದ ಅಭ್ಯರ್ಥಿಗಳಿಬ್ಬರೂ ಮುಖ ಮುಖ ನೋಡಿಕೊಂಡರು. ಆಗ ಗುಂಪಿನ ಹಿಂದಿನಿಂದ ಯಾರೋ, "ನಿಜವಾದೋರೇ ಬಂದಿದಾರೆ ನೋಡಿ, ಅವ್ರನ್ನೇ ಕೇಳಿ," ಎಂದರು. ಹಾರ್ಡ್‌ವೇರ್ ಅಂಗಡಿಯ ಚಿದಾನಂದ್ ಸ್ಕೂಟರ್ ನಿಲ್ಲಿಸಿ ನಗುತ್ತಾ ನಿಂತಿದ್ದರು. ಚುನಾವಣೆ ಬಂದರೆ ಟಿಕೆಟ್ ಅವರಿಗೇ ಎಂದು ಇಡೀ ವಾರ್ಡಿಗೆ ಗೊತ್ತಿತ್ತು. ಹೊರಡಲು ನೋಡಿದರು, ಜನ ದಾರಿ ಬಿಡಲಿಲ್ಲ. ಜಯದೇವಿ ಎದ್ದು ತಮ್ಮ ಕುರ್ಚಿ ತೋರಿಸಿದರು.

"ಬನ್ನಿ ಕೂತ್ಕೊಳ್ಳಿ. ನಾವು ಸುಮ್ನೆ ಆಟ ಆಡ್ತಿದ್ವಿ."

ಚಿದಾನಂದ್ ಕೂತರು. ಮೊದಲು ನಾಡು, ನುಡಿ, ಅಭಿವೃದ್ಧಿ ಎಂದೆಲ್ಲ ಹೇಳಿದರು. "ಗಾಡಿ ವಿಷ್ಯ ಹೇಳಪ್ಪ," ಎಂದರು ಅಕ್ಕಯಮ್ಮ. ಚಿದಾನಂದ್ ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು. ಕೊನೆಗೆ ಧ್ವನಿ ತಗ್ಗಿಸಿ, "ಅಮ್ಮಾ, ನಿಜ ಹೇಳ್ಬೇಕಂದ್ರೆ ನಮ್ಮ ಅಂಗಡಿ ಗಾಡೀನೂ ಅಲ್ಲೇ ನಿಲ್ಲೋದು. ಮುಂದಿನ ಭಾನುವಾರ ಬರ್ತೀನಿ. ಏನು ಮಾಡಿದೆ ಅಂತ ಆಗ ಕೇಳಿ," ಎಂದರು.

ಯಾರೂ ನಂಬಲಿಲ್ಲ. ಆದರೆ ಭಾನುವಾರ ಅವರು ಬಂದರು. ಅಂಗಡಿಯ ಗಾಡಿ ಹಿಂದಿನ ಖಾಲಿ ಜಾಗಕ್ಕೆ ಹೋಗಿತ್ತು. ಮಿಕ್ಕವರದು ಅಲ್ಲೇ ಇತ್ತು. ಅದಕ್ಕೂ ಜನ ಪ್ರಶ್ನೆ ಕೇಳಿದರು. ಚಿದಾನಂದರಿಗೆ ಚಪ್ಪಾಳೆ ಬಿದ್ದ ಸುದ್ದಿ ಕೇಳಿ, ಎದುರು ಪಕ್ಷದಿಂದ ಟಿಕೆಟಿಗೆ ಓಡಾಡುತ್ತಿದ್ದ ಶ್ರೀದೇವಿ ಮೂರನೆಯ ವಾರ ತಾವಾಗಿಯೇ ಬಂದು ಇನ್ನೊಂದು ಕುರ್ಚಿ ಕೇಳಿದರು. ಆ ದಿನ ಒಂದೇ ಕಟ್ಟೆಯ ಮೇಲೆ ನಿಜವಾದ ಎದುರಾಳಿಗಳು ಕೂತದ್ದನ್ನು ನೋಡಿ ವಿಭಾ ಮಯೂರನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಹುಡುಗರ ವಿಡಿಯೋ ನೋಡಿ ಜೆ.ಪಿ. ನಗರದವರು ಕರೆದರು, ಬಿ.ಟಿ.ಎಂ. ಲೇಔಟಿನವರು ಕರೆದರು. ಇದ್ದ ನಾಲ್ಕೇ ಜನ ಎಲ್ಲಿಗೆಂದು ಹೋಗುವುದು? ಹಾದಿ ಹೇಳಿಕೊಟ್ಟವರು ರಾಮಪ್ರಸಾದರು. "ಪ್ರತಿ ಏರಿಯಾದಲ್ಲೂ ಹಿಂದೆ ಬೇರೆ ಬೇರೆ ಪಾರ್ಟಿಗೆ ಕೂಗಿ ಗಂಟಲು ಹರ್ಕೊಂಡೋರು ಇದ್ದೇ ಇರ್ತಾರೆ. ಅವ್ರನ್ನ ಹುಡುಕಿ ಜೋಡಿ ಮಾಡಿ. ಖರ್ಚಿಲ್ಲ."

ಹುಡುಕಿದರೆ ಸಿಕ್ಕರು. ಬಾವುಟ ಹೊಲಿದವರು, ಗೋಡೆ ಮೇಲೆ ಬರೆದವರು, ಹಾಡು ಕಟ್ಟಿದವರು. ಎಲ್ಲರಿಗೂ ಆ ದಿನಗಳ ಬಗ್ಗೆ ಹೇಳುವುದು ಬೇಕಾದಷ್ಟಿತ್ತು. ಕೇಳುವವರೇ ಇರಲಿಲ್ಲ. ಜಯದೇವಿ ಅವರ ಮನೆಗಳಿಗೆ ಹೋಗಿ, ಕಾಫಿ ಕುಡಿದು, ಹಳೆಯ ಘೋಷಣೆಗಳನ್ನು ಹೇಳಿಸಿ ಹೇಳಿಸಿ ಕೇಳಿ, ಅವರನ್ನು ಕಟ್ಟೆ ಹತ್ತಿಸಿದರು. ನಿಯಮ ಮಾಡಬೇಕಾದ ಕಚೇರಿಗೆ ಮನವಿ ಕೊಟ್ಟದ್ದೂ ಆಯಿತು. 'ಪರಿಶೀಲಿಸಲಾಗುವುದು' ಎಂದು ಉತ್ತರ ಬಂತು. ವಿಭಾ ಸಪ್ಪಗಾದಳು. "ಪರಿಶೀಲಿಸ್ಲಿ ಬಿಡಮ್ಮ. ಅಷ್ಟರಲ್ಲಿ ಜನಕ್ಕೆ ಅಭ್ಯಾಸ ಆಗ್ಬಿಟ್ಟಿರತ್ತೆ," ಎಂದರು ಜಯದೇವಿ.

ಮೊನ್ನೆ ಮಡಿವಾಳದ ಸಂತೆಯ ಹತ್ತಿರ ಮರಿಯಮ್ಮ, ಕೆಂಚವ್ವ ಎಂಬ ಇಬ್ಬರು ಅಭ್ಯರ್ಥಿಗಳಾಗಿ ನಟಿಸಲು ಕಟ್ಟೆ ಹತ್ತಿದರು. ಹಿಂದೆ ಎದುರುಬದುರು ಪಕ್ಷಗಳಿಗೆ ದುಡಿದವರು, ಅಕ್ಕಪಕ್ಕದ ಮನೆಯವರು, ಎಷ್ಟೋ ಕಾಲದಿಂದ ಮಾತು ಬಿಟ್ಟವರು. ಬೈಯುವ ನೆಪದಲ್ಲಾದರೂ ಒಬ್ಬರಿಗೊಬ್ಬರು ಮಾತಾಡಿದರು. ಸಂತೆಯ ಜನವೆಲ್ಲ ಸುತ್ತ ನೆರೆಯಿತು.

ಜಯದೇವಿ ಕೊನೆಯ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ರಾಮಪ್ರಸಾದರು ಕಡಲೆಕಾಯಿ ಬಿಡಿಸುತ್ತಿದ್ದರು. ಇಷ್ಟು ವರ್ಷದಲ್ಲಿ ತಾವು ವೋಟು ಕೇಳಿದ್ದುಂಟು, ಹಾಕಿದ್ದುಂಟು, ಗುಂಪಿನಲ್ಲಿ ಕೂತು ಒಂದು ಪ್ರಶ್ನೆ ಕೇಳಿದ್ದೇ ಇಲ್ಲವಲ್ಲ ಎಂದು ಜಯದೇವಿಗೆ ಹೊಳೆಯಿತು. ಕೈ ಎತ್ತಿದರು.

"ಏನ್ರೀ, ನೀವೇ ಕಲಿಸ್ಕೊಟ್ಟು ನೀವೇ ಕೇಳ್ತೀರಾ?" ಎಂದರು ರಾಮಪ್ರಸಾದರು.

"ಸುಮ್ನಿರಿ," ಎಂದು ಅವರ ಹೆಗಲು ಹಿಡಿದು ಜಯದೇವಿ ಎದ್ದು ನಿಂತರು. ಗುಂಪು ಹಿಂತಿರುಗಿ ನೋಡಿತು. ಮರಿಯಮ್ಮ ಕೈ ಬೀಸಿ, "ಕೇಳಿ ಅಕ್ಕಾ, ಜೋರಾಗಿ ಕೇಳಿ," ಎಂದರು.

ಜಯದೇವಿ ಕೇಳಿದರು. "ಕೆರೆ ಕಡೆ ಬಸ್ ಸ್ಟಾಪಲ್ಲಿ ವಯಸ್ಸಾದೋರು ಕೂರೋಕೆ ಒಂದು ಬೆಂಚಿಲ್ಲ. ಯಾರು ಹಾಕಿಸ್ತೀರಾ, ಯಾವಾಗ ಹಾಕಿಸ್ತೀರಾ?"