ಈಜು ನಿಂತವಳು, ನಮಾಜಿನ ಸಾಲು ತಪ್ಪಿದವಳು

ಆ ಡಾಕ್ಟರಮ್ಮನ ಪ್ರಶ್ನೆಗಳಿಗೆ ಯಾರಿಗಾದರೂ ಮೈ ಉರಿಯಬೇಕು. ಮೈಮೂನಳಿಗೆ ಮೊದಲು ಬಂದದ್ದು ನಗು.

"ಟೆನಿಸ್ ಆಡುವಾಗ ಕಷ್ಟ ಆಗ್ತದಾ ಅಂತ ಕೇಳ್ತಾರೆ, ಮೈಮೂನಕ್ಕ," ಎಂದಳು ನರ್ಸ್ ಶಾಲೆಟ್. ಕುಂದಾಪುರದ ಹುಡುಗಿ. ಇಂಗ್ಲೆಂಡಿನಿಂದ ಬಂದ ಡಾಕ್ಟರಮ್ಮನಿಗೂ ಉಳ್ಳಾಲದ ಮೈಮೂನಳಿಗೂ ನಡುವೆ ಮಾತು ದಾಟಿಸುವವಳು ಅವಳೇ.

"ಟೆನಿಸಾ? ನಾನಾ? ಇಲ್ಲ ಅಂತ ಹೇಳು."

"ಈಜುವಾಗ?"

"ಇಲ್ಲ."

"ರಜೆಯಲ್ಲಿ ಹೋಟೆಲಲ್ಲಿ ಉಳ್ಕೊಳ್ಳುವಾಗ?"

"ಅದೂ ಇಲ್ಲ ಮಾರಾಯ್ತಿ."

ಮೂರನೇ ಹೆರಿಗೆಯ ಮೇಲೆ ಶುರುವಾದ ಮೂತ್ರದ ಸೋರಿಕೆ ಅದು. ಈ ಕೊಲ್ಲಿ ದೇಶದ ಬುದಯ್ಯ ಎಂಬ ಊರಿನ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಬಸ್ಸಿನಲ್ಲಿ ಮೈಮೂನ ಆಯಾ. ಮಗುವನ್ನು ಎತ್ತಿದರೆ ಸೋರುತ್ತದೆ, ಕೆಮ್ಮಿದರೆ ಸೋರುತ್ತದೆ. ಈ ಊರಿನ ಬಿಸಿಲಲ್ಲೂ ಅವಳು ಕೆಲಸ ಮುಗಿಯುವ ತನಕ ನೀರು ಮುಟ್ಟುವುದಿಲ್ಲ. ಕಪ್ಪು ಅಬಾಯ ಒದ್ದೆಯನ್ನು ಮುಚ್ಚುತ್ತದೆ, ವಾಸನೆಯನ್ನಲ್ಲ. ಇದನ್ನು ಯಾರೂ ಕೇಳಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದೀರಾ ಎಂದು ಮಾತ್ರ ಕೇಳಿದರು. ಹೋಗದಿದ್ದರೆ ಹೊಟ್ಟೆಗೇನು?

"ಹೋಗ್ತೇನೆ. ಹೇಗಾದ್ರೂ ಸುಧಾರಿಸ್ತೇನೆ," ಎಂದಳು. ನಮ್ಮ ಹೆಂಗಸರ ನಾಲಿಗೆಗೆ ಈ ಮಾತು ಅಂಟಿಕೊಂಡುಬಿಟ್ಟಿದೆ ನೋಡಿ. ಪ್ರಾಣ ಹೋಗುತ್ತಿದ್ದರೂ ಸುಧಾರಿಸುತ್ತಾರೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಎಲ್ಲದಕ್ಕೂ ಇಲ್ಲ ಅಂದದ್ದರಿಂದ ಬಾಧೆ ಕಡಿಮೆ ಎಂದರು. ಸ್ನಾಯು ಬಿಗಿ ಮಾಡುವ ವ್ಯಾಯಾಮದ ತರಗತಿಯಲ್ಲಿ ಉಳಿದಿರುವುದು ಒಂದೇ ಜಾಗ, ಅದು ಹೆಚ್ಚು ಬಾಧೆಯವರಿಗೆ. ಡಾಕ್ಟರಮ್ಮನ ಊರಿನವಳೇ ಒಬ್ಬಳು ಈಜುವುದನ್ನೇ ಬಿಟ್ಟು ಕೂತಿದ್ದಾಳಂತೆ, ಪಾಪ. "ನಿಮ್ಮ ಕಡೆಯ ಹೆಂಗಸರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ನೀವು ಗಟ್ಟಿ."

ಶಾಲೆಟ್ ಅದನ್ನು ತಲೆ ತಗ್ಗಿಸಿ ಹೇಳಿದಳು. ಮೈಮೂನಳ ನಗು ಅಲ್ಲಿಗೆ ನಿಂತಿತು. ಗಟ್ಟಿಯಂತೆ! ಹೆತ್ತ ಹೊಟ್ಟೆಗೂ ಪಾಸ್‌ಪೋರ್ಟಿದೆಯೇ?

"ಶಾಲೆಟ್, ನಾನು ಹೇಳಿದ್ದನ್ನು ಹಾಗೇ ಹೇಳು. ಮರ್ಯಾದೆ ಸೇರಿಸ್ಬೇಡ. ಇಲ್ಲೇ ಸೆಗಯಾ ಏರಿಯಾದಲ್ಲಿ ನನ್ನ ಗೆಳತಿ ಹಸ್ನಾನ ಮನೆಯಲ್ಲಿ ರಮ್ಜಾನಿಗೆ ನಾವು ಹೆಂಗಸರೆಲ್ಲ ಸಾಲಾಗಿ ನಿಂತು ನಮಾಜ್ ಮಾಡುದು. ಕೈಕಾಲು ಮುಖ ತೊಳ್ದು ಶುದ್ಧ ಆಗಿ ನಿಂತ್ರೂ ಬಗ್ಗುವಾಗ ನಂಗೆ ಸೋರ್ತದೆ. ಕಾಯಿಲೆಯವರಿಗೆ ಅಲ್ಲಾಹನ ಹತ್ರ ಮಾಫಿ ಉಂಟು. ಪಕ್ಕದಲ್ಲಿ ನಿಂತವಳ ಮೂಗಿನ ಹತ್ರ ಉಂಟಾ? ಎರಡು ರಮ್ಜಾನ್ ಆಯ್ತು, ಆ ಮನೆಗೆ ಹೋಗ್ಲಿಲ್ಲ. ನಂಗೆ ಸೊಕ್ಕು ಅಂತಾರೆ. ಅವಳ ಈಜು ನಿಂತದ್ದು ದೊಡ್ಡದು, ನನ್ನ ನಮಾಜಿನ ಸಾಲು ತಪ್ಪಿದ್ದು ಸಣ್ಣದು ಅಂತ ತೂಗ್ಲಿಕ್ಕೆ ಇವರು ಯಾರು?"

ಶಾಲೆಟ್ ಒಂದಕ್ಷರ ಬಿಡದೆ ಹೇಳಿದಳು. ಕೊನೆಯದನ್ನು ಸ್ವಲ್ಪ ಜೋರಾಗಿಯೇ ಹೇಳಿದಳು.

ಡಾಕ್ಟರಮ್ಮನ ಮುಖ ಕೆಂಪಾಯಿತು. ಇದನ್ನು ಮೊದಲೇ ಹೇಳಬಾರದಿತ್ತೇ ಎಂದರು. ಆಮೇಲೆ ಫೋನೆತ್ತಿ ಯಾರೊಡನೆಯೋ ಮಾತಾಡಿದರು. ಭಾನುವಾರದಿಂದ ಬರಬಹುದು, ಇನ್ನೊಬ್ಬರನ್ನು ಸೇರಿಸಿಕೊಳ್ಳಲು ಏನೂ ತೊಂದರೆಯಿಲ್ಲವಂತೆ.

ಮೈಮೂನಳಿಗೆ ಸಂತೋಷವಾಗಬೇಕಿತ್ತು. ಸಿಟ್ಟು ನೆತ್ತಿಗೇರಿತು.

"ಜಾಗ ಇತ್ತು ಹಾಗಾದ್ರೆ! ಗಟ್ಟಿ ಅಂತ ಹೇಳಿ ನಮ್ಮವರನ್ನು ಇಷ್ಟರವರೆಗೆ ಎಷ್ಟು ಜನರನ್ನು ಮನೆಗೆ ಕಳಿಸಿದ್ದಾರೆ, ಕೇಳು."

ಶಾಲೆಟ್ ಕೇಳಿದಳು. ಡಾಕ್ಟರಮ್ಮ ಮುಂದಿನವರನ್ನು ಕರೆಯಲು ಹೇಳಿದರು.