ಬಿಗಿಹಿಡಿದ ಉಸಿರಿನ ಅಳತೆ

ಹತ್ತನೇ ತರಗತಿ ಮುಗಿಯುತ್ತಾ ಬಂತು, ಮುಂದೇನು ಓದಿಸುವುದು? ಈ ಪ್ರಶ್ನೆ ಎದ್ದರೆ ಸಾಕು, ಮನೆಯಲ್ಲಿ ಓದಬೇಕಾದ ಮಗುವನ್ನು ಬಿಟ್ಟು ಉಳಿದವರೆಲ್ಲ ಮಾತಾಡುತ್ತಾರೆ.

ಟೈಲರಮ್ಮನ ಮನೆಯಲ್ಲೂ ಹಾಗೇ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ದಿನವಿಡೀ ಗಿರಾಕಿಗಳ ಗೊಣಗಾಟ ಕೇಳಿ ಅವಳಿಗೆ ಸಾಕುಸಾಕಾಗಿತ್ತು. ಮಗಳಾದರೂ ಬಿಳಿ ಕೋಟು ಹಾಕಿಕೊಂಡು, ಯಾವುದಾದರೂ ಲ್ಯಾಬಿನಲ್ಲಿ ತನ್ನ ಪಾಡಿಗೆ ತಾನು ಕೆಲಸ ಮಾಡಲಿ ಎಂಬುದು ಅವಳ ಆಸೆ.

ಒಂದು ದಿನ ಮಗಳು ಹೇಳಿದಳು, "ಅಮ್ಮಾ, ನಾಳೆ ಶಾಲೆಯಲ್ಲಿ ಆಸಕ್ತಿ ಪರೀಕ್ಷೆ. ಯಾವ ಕೆಲಸ ಇಷ್ಟ, ಯಾವುದು ಇಷ್ಟ ಇಲ್ಲ ಅಂತ ಕೇಳ್ತಾರಂತೆ."

"ಪರೀಕ್ಷೆನಾ? ಹಾಗಾದ್ರೆ ಇಷ್ಟ ಇಲ್ಲ ಅಂತ ಯಾವುದಕ್ಕೂ ಹಾಕ್ಬೇಡ. ಮಾರ್ಕ್ಸ್ ಹೋಗುತ್ತೆ."

"ಹಾವು ಹಿಡಿಯೋದು ಇಷ್ಟನಾ ಅಂತ ಕೇಳಿದ್ರೆ?"

"ಇಷ್ಟ ಅನ್ನು! ಈಗಲೇ ತಂದು ಕೈಗೆ ಕೊಡ್ತಾರಾ?"

ಮಗಳು ಹಾಗೇ ಮಾಡಿದಳು. ಕೆಲವು ದಿನಗಳಲ್ಲೇ ಶಾಲೆಯ ಸಮಾಲೋಚಕಿ ತಾಯಿಯನ್ನು ಕರೆಸಿ ಒಂದು ಹಾಳೆ ತೋರಿಸಿದರು. ಅದರಲ್ಲಿ ಒಂದೊಂದು ಬಗೆಯ ಕೆಲಸದ ಆಸಕ್ತಿಗೂ ಒಂದೊಂದು ಕಂಬ ಬರೆದಿತ್ತು; ಕಂಬಗಳೆಲ್ಲ ಒಂದೇ ಎತ್ತರ.

ಟೈಲರಮ್ಮನ ಮುಖ ಅರಳಿತು. "ಎಲ್ಲದರಲ್ಲೂ ಫುಲ್ ಮಾರ್ಕ್ಸಾ ಮೇಡಂ?"

"ಇದರಲ್ಲಿ ಮಾರ್ಕ್ಸೇ ಇಲ್ಲಮ್ಮ. ಪಾಸೂ ಇಲ್ಲ, ಫೇಲೂ ಇಲ್ಲ. ಮಗುವಿನ ಮನಸ್ಸು ಯಾವ ಥರದ ಕೆಲಸದ ಕಡೆ ಎಳೆಯುತ್ತೆ ಅಂತ ನೋಡೋದು, ಅಷ್ಟೇ. ಎಲ್ಲವೂ ಇಷ್ಟ ಅಂದ್ರೆ ನಾನು ಏನು ಅಂತ ತಿಳ್ಕೊಳ್ಳಲಿ?"

ಟೈಲರಮ್ಮ ನಕ್ಕುಬಿಟ್ಟಳು. "ನಮ್ಮಲ್ಲೂ ಹೀಗೇ ಮೇಡಂ. ಟೇಪು ಹಿಡಿದ ತಕ್ಷಣ ಹೊಟ್ಟೆ ಒಳಗೆಳ್ಕೊಂಡು ಉಸಿರು ಬಿಗಿಹಿಡೀತಾರೆ. ಆ ಅಳತೆಗೆ ಹೊಲಿದ್ರೆ ಹಾಕ್ಕೊಂಡು ಕೂರೋಕಾಗಲ್ಲ. ಉಸಿರು ಬಿಡಮ್ಮಾ ಅಂತ ದಿನಾ ಬಡ್ಕೊಳ್ಳೋಳು ನಾನೇ!"

"ಹಾಗಾದ್ರೆ ಈ ಸಲ ಯಾರೂ ಹೇಳಿಕೊಡದೆ ಅವಳೇ ಬರೀಲಿ."

ಎರಡನೇ ಸಲ ಕಂಬಗಳು ಏರುಪೇರಾಗಿದ್ದವು. ಲ್ಯಾಬಿನಂಥ ಕೆಲಸದ್ದು ಕುಳ್ಳಗೆ. ಜನರ ಜೊತೆ ವ್ಯವಹರಿಸುವುದು, ವ್ಯಾಪಾರ, ಇವು ಎತ್ತರ.

"ಬಾಯಿಬಡುಕಿ ಅಂತ ಹೇಳೋಕೆ ಪರೀಕ್ಷೆ ಬೇಕಿತ್ತಾ?" ತಾಯಿಗೆ ಸಿಟ್ಟು. "ಸೈನ್ಸಲ್ಲಿ ಒಳ್ಳೇ ಮಾರ್ಕ್ಸ್ ಇದೆಯಲ್ಲ!"

"ಏನು ಮಾಡಬಲ್ಲಳು ಅಂತ ಮಾರ್ಕ್ಸ್ ಹೇಳುತ್ತೆ. ಯಾವುದನ್ನ ಇಷ್ಟಪಟ್ಟು ಮಾಡ್ತಾಳೆ ಅನ್ನೋದಕ್ಕೆ ಇದು ಸುಳಿವು. ಎರಡೂ ಬೇಕು. ಇದೇ ಕೊನೆಯಲ್ಲಮ್ಮ, ಮೂವರೂ ಕೂತು ಮಾತಾಡೋಣ."

ಅವತ್ತು ಸಂಜೆ ಗಿರಾಕಿಯೊಬ್ಬಳು ಅಂಗಡಿಗೆ ನುಗ್ಗಿದಳು. "ತೋಳು ಬಿಗಿಯಾಗಿದೆ, ಕೈ ಎತ್ತೋಕಾಗ್ತಿಲ್ಲ!" ಟೈಲರಮ್ಮನಿಗೆ ತಲೆ ಸಿಡಿಯತೊಡಗಿತು. ಅಷ್ಟರಲ್ಲಿ ಮಗಳು ಎದ್ದು ಬಂದಳು. "ಕೂತ್ಕೊಳ್ಳಿ ಅತ್ತೆ. ಹೊಲಿಗೆ ಒಳಗೆ ಬಟ್ಟೆ ಬಿಟ್ಟಿದ್ದೀವಿ, ಅಮ್ಮ ಈಗಲೇ ಸಡಿಲ ಮಾಡ್ಕೊಡ್ತಾರೆ. ಅಷ್ಟರಲ್ಲಿ ಈ ಲೇಸು ನೋಡಿ, ನಿಮ್ಮ ಬಣ್ಣಕ್ಕೆ ಎಷ್ಟು ಒಪ್ಪುತ್ತೆ!" ಜಗಳಕ್ಕೆ ಬಂದವಳು ಲೇಸು ಹಚ್ಚಿಸಿಕೊಂಡು ನಗುತ್ತಾ ಹೋದಳು.

ಮಗಳ ಮುಖದಲ್ಲಿ ದಣಿವೇ ಇರಲಿಲ್ಲ. ಟೈಲರಮ್ಮನಿಗೆ ಹೊಳೆಯಿತು: ತನ್ನನ್ನು ಹಿಂಡಿ ಹಾಕುವ ಕೆಲಸವೇ ಇವಳಿಗೆ ಹುರುಪು ಕೊಡುತ್ತಿದೆ. ಯಾರೊಡನೆಯೂ ಮಾತಾಡಬೇಕಿಲ್ಲದ ಆ ತಣ್ಣನೆಯ ಕೋಣೆ, ಆ ಬಿಳಿ ಕೋಟು ಬೇಕಿದ್ದದ್ದು ಮಗಳಿಗಲ್ಲ, ತನಗೆ. ಟೈಲರಮ್ಮ ದಾರ ಕಡಿದು ಹೇಳಿದಳು, "ನಾಳೆ ನಿಮ್ಮ ಮೇಡಂ ಹತ್ರ ಹೋಗೋಣ. ವ್ಯಾಪಾರದ ಓದು ಏನೇನಿದೆ ಅಂತ ನೀನೇ ಕೇಳು. ನಾನು ಪಕ್ಕದಲ್ಲಿ ಕೂತಿರ್ತೀನಿ."

"ಬಾಯಿ ಮುಚ್ಕೊಂಡು?"

"ಪ್ರಯತ್ನ ಮಾಡ್ತೀನಿ ಕಣೇ!"

ತಾಯಂದಿರೇ, ತಂದೆಯಂದಿರೇ, ನಿಮ್ಮ ಮಗುವಿನ ಶಾಲೆಯಲ್ಲೂ ಆಸಕ್ತಿ ಪರೀಕ್ಷೆ ನಡೆದರೆ ಉತ್ತರ ಹೇಳಿಕೊಡಬೇಡಿ. ಅದರಲ್ಲಿ ಸರಿ ತಪ್ಪು ಇಲ್ಲ. ಫಲಿತಾಂಶ ಬಂದಾಗ ಸಮಾಲೋಚಕರ ಜೊತೆ ಕೂತು, ಮಗು ಹೇಳುವುದನ್ನು ಮೊದಲು ಕೇಳಿ. ಆ ಬಟ್ಟೆ ತೊಡುವುದು ನೀವಲ್ಲ, ನಿಮ್ಮ ಮಗು. ಅಳತೆ ಕೊಡುವಾಗ ಅದು ಹಾಯಾಗಿ ಉಸಿರಾಡಲಿ.