ಮೋರಿಯ ನೀರು ತೃಪ್ತಿಕರ

ಕಿಟಕಿಯ ಗಾಜು ಗಡಗಡ ನಡುಗುತ್ತಿದೆ, ಬಸ್ಸು ಕಮಲಾಪುರ ದಾಟಿತು, ತೊಡೆಯ ಮೇಲೆ ಕೆಂಪು ಬಾಳೆಹಣ್ಣಿನ ಚಿಪ್ಪು, ಬೇಡವೆಂದರೂ ನನ್ನ ವಿದ್ಯಾರ್ಥಿನಿ ಚಂದಮ್ಮನ ತಾಯಿ ಶಂಕ್ರಮ್ಮ ಕೇಳಲಿಲ್ಲ, ಅರ್ಧ ಫ್ಯಾಕ್ಟರಿ ಸಾಹೇಬ್ರಿಗಿ ಕೊಡ್ರಿ ಸರ, ನಮ್ಮ ಚಂದಮ್ಮಗ ಸರ್ಟಿಫಿಕೇಟ್ ಕೊಡ್ಲಾಕತ್ತಾರಲ್ಲ — ಕೊಡದೆ ಏನು, ಅವಳ ಮಗಳ ಸಹಿ ನನ್ನ ಚೀಲದಲ್ಲಿದೆ, ಹೊಸ ಶತಮಾನವಂತೆ, ಹೊಸ ಕೋರ್ಸಂತೆ, ಪರಿಸರ ವಿಜ್ಞಾನದಲ್ಲಿ ಎಂಎಸ್ಸಿಯಂತೆ, ಆರು ವಾರ ಎಲ್ಲಾದರೂ ತರಬೇತಿ ಪಡೆಯದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ, ನಿಯಮ ಬರೆದವರಿಗೇನು, ಜಾಗ ಹುಡುಕಿಕೊಂಡು ಬಾಗಿಲು ಬಾಗಿಲು ತಿರುಗುವ ಮೇಷ್ಟ್ರು ನಾನು, ಎಷ್ಟು ಕಡೆ ಕೈಮುಗಿದೆ, ಏನ್ರಿ ರಾಘವೇಂದ್ರರಾವ್, ನಿಮ್ಮ ಹುಡುಗ್ರು ಬಂದು ಏನ್ ಮಾಡ್ತಾರ್ರಿ, ಗಿಡ ಹಚ್ತಾರೇನು, ಎಂದು ನಕ್ಕರು, ಕಪನೂರಿನ ಬಣ್ಣದ ಕಾರ್ಖಾನೆಯೊಂದೇ ಹೂಂ ಅಂದದ್ದು, ಯಾವ ನೀರು ತುಂಬುತ್ತೀರೋ ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆಯಬೇಕು ಎಂದು ಕಲಿಸಿದವನೂ ನಾನೇ, ಹಾಗೇ ಮಾಡಿದಳು ಚಂದಮ್ಮ, ಮ್ಯಾನೇಜರ್ ದತ್ತಪ್ಪ ನಳದ ನೀರು ತುಂಬಿಟ್ಟಿದ್ದ ಬಾಟಲಿಗಳನ್ನು ಚೆಲ್ಲಿ ಕಾರ್ಖಾನೆಯ ಹಿಂದಿನ ಮೋರಿಗೇ ಇಳಿದಳು, ಪರೀಕ್ಷಿಸಿ ವರದಿಯಲ್ಲಿ ಬರೆದಳು, ಈ ನೀರು ದನಕ್ಕೂ ಯೋಗ್ಯವಲ್ಲ — ಓದಿ ಹಿಗ್ಗಿದೆ, ಹಿಗ್ಗಿದ್ದು ಎರಡೇ ದಿನ, ದತ್ತಪ್ಪ ಕರೆಸಿದ, ಹಿಂಗ ಬರದ್ರ ಸರ್ಟಿಫಿಕೇಟ್ ಇಲ್ರಿ, ಮುಂದಿನ ವರ್ಷ ನಿಮ್ಮೋರಾಗ ಒಬ್ರಿಗೂ ಗೇಟಿನೊಳಗ ಬಿಡಂಗಿಲ್ಲ, ಆ ಪುಟವನ್ನು ನಾನೇ ತಿದ್ದಿ ಬರೆದೆ, ನೀರಿನ ಗುಣಮಟ್ಟ ತೃಪ್ತಿಕರ, ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಇವತ್ತು ಚಂದಮ್ಮನ ಮನೆಗೇ ಹೋಗಿ ಆ ಪುಟ ಕೊಟ್ಟೆ, ಅವಳು ಓದಿದಳು, ಎರಡು ಸಲ ಓದಿದಳು, ಇದು ನಾ ತುಂಬಿದ ನೀರಲ್ರಿ ಸರ, ಎಂದಳು, ಗೊತ್ತದವಾ, ಸಹಿ ಹಾಕು, ಒಂದು ವರ್ಷ ಹಾಳಾಗ್ತದ, ಎಂದೆ, ಜಗಳವಾಡಿಯಾಳು ಎಂದುಕೊಂಡಿದ್ದೆ, ಆಡಲಿಲ್ಲ, ಹಾಕಿದಳು, ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಮನಸ್ಸು ಹಗುರವಾಯಿತು, ಥೂ, ಹಗುರವಾದದ್ದಕ್ಕೇ ಈಗ ನನ್ನ ಮೇಲೆ ಹೇಸಿಗೆ — ಅಷ್ಟರಲ್ಲಿ ಶಂಕ್ರಮ್ಮ ಒಳಗಿನಿಂದ ಬಂದಳು, ಸರ ಕಾಲಿಗಿ ಬೀಳವಾ, ನಿನಗ ದಡಾ ಹಚ್ಯಾರ, ಚಂದಮ್ಮ ಬಗ್ಗಿದಳು, ಬೇಡವೆಂದು ಹಿಂದೆ ಸರಿಯಬಹುದಿತ್ತು, ಸರಿಯಲಿಲ್ಲ ನಾನು, ಗುರುವಿನ ಹಾಗೆ ನಿಂತೇ ಇದ್ದೆ, ಕೈ ನನ್ನ ಪಾದದ ಹತ್ತಿರ ಬಂತು, ಅಲ್ಲೇ ನಿಂತಿತು, ಪಕ್ಕಕ್ಕೆ ಹೋಗಿ ನೆಲ ಮುಟ್ಟಿತು, ನೆಲ ಮುಟ್ಟಿದ ಬೆರಳನ್ನು ಅವಳು ಕಣ್ಣಿಗೊತ್ತಿಕೊಂಡಳು, ಶಂಕ್ರಮ್ಮನಿಗೆ ಕಾಣಲಿಲ್ಲ, ಕಪನೂರ ಬಂತು, ಯಾರ್ರಿ ಇಳಿಯೋರು, ಕಂಡಕ್ಟರ್ ಕೂಗುತ್ತಿದ್ದಾನೆ, ಏಳಬೇಕು, ಹಣ್ಣೂ ಪುಟವೂ ದತ್ತಪ್ಪನಿಗೆ ಕೊಡಬೇಕು — ಪಾದದಿಂದ ನಾಲ್ಕೇ ಬೆರಳು ಆಚೆ, ಬರೀ ನೆಲ, ನೆಲ ಮುಟ್ಟಿದ ಆ ಕೈ, ಆ ಕೈ.